ಆಫೀಸಿನ ಪೈಪೋಟಿ, ರೇಟಿಂಗ್, ಬಡ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನನಗೆ ಹದಿನೆಂಟು ವರ್ಷ ಕಳೆಯಿತು. ಮೊದಲ ಒಂಬತ್ತು ವರ್ಷ ರೇಟಿಂಗ್ (ವರ್ಷದ ಕೆಲಸಕ್ಕೆ ಮ್ಯಾನೇಜರ್ ಕೊಡುವ ಅಂಕ) ತಗೊಂಡೆ, ಆಮೇಲಿನ ಒಂಬತ್ತು ವರ್ಷ ರೇಟಿಂಗ್ ಕೊಡುತ್ತಿದ್ದೇನೆ. ಏಪ್ರಿಲ್ ಹತ್ತಿರ ಬಂದರೆ ಸಾಕು, ಊರಿನ ಹುಡುಗರು, ಹಳೇ ಟೀಮಿನವರು, ತಂಗಿಯ ಗೆಳತಿಯರು ಫೋನ್ ಮಾಡುತ್ತಾರೆ. ಪ್ರತಿ ವರ್ಷ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಎಷ್ಟು ಸಲ ಅಂತ ಹೇಳೋದು, ಒಂದು ಸಲ ಬರೆದಿಟ್ಟುಬಿಡೋಣ ಅನ್ನಿಸಿತು.

ನನಗೂ ಪಕ್ಕದ ಸೀಟಿನವನಿಗೂ ಒಂದೇ ಕೆಲಸ. ಅವನಿಗೆ ಒಳ್ಳೇ ರೇಟಿಂಗ್ ಬಂತು. ನನಗೆ ಯಾಕೆ ಬರಲಿಲ್ಲ?

ಇದಕ್ಕೆ ಉತ್ತರ ಒಂದು ಮೀಟಿಂಗ್ ರೂಮಿನಲ್ಲಿದೆ. ನೀವು ಆ ರೂಮಿಗೆ ಹೋಗಿರಲ್ಲ, ಹಾಗಾಗಿ ಅಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ.

ವರ್ಷಕ್ಕೊಮ್ಮೆ ಏಳೆಂಟು ಮ್ಯಾನೇಜರ್‌ಗಳು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಗೋಡೆಯ ಮೇಲೆ ಎಕ್ಸೆಲ್ ಶೀಟ್. ಸಾಲಿಗೊಂದು ಹೆಸರು, ಹೆಸರಿನ ಮುಂದೆ ಒಂದು ಅಂಕಿ. ಮೂಲೆಯಲ್ಲಿ ಒಂದು ಸಣ್ಣ ಪಟ್ಟಿ: ಮೇಲಿನ ರೇಟಿಂಗ್ ಇಷ್ಟು ಜನಕ್ಕೆ, ಮಧ್ಯದ್ದು ಇಷ್ಟು ಜನಕ್ಕೆ, ಕೆಳಗಿನದು ಇಷ್ಟು ಜನಕ್ಕೆ. ಮಿತಿ ದಾಟಿದರೆ ಆ ಮನೆ ಕೆಂಪಾಗುತ್ತದೆ. ಇದಕ್ಕೆ ಕ್ಯಾಲಿಬ್ರೇಷನ್ ಅಂತ ಹೆಸರು.

ನಾನು ಮೊದಲ ಸಲ ಹೋದಾಗ ಮೇಲಿನ ಮನೆಯಲ್ಲಿ ಎರಡು ಹೆಸರು ಜಾಸ್ತಿ ಇದ್ದವು. "ಎರಡು ಕೆಳಗೆ ಬರಬೇಕು" ಅಂದರು ಎಚ್‌ಆರ್‌ನವರು. ಒಂದು ಹೆಸರು ಬಂದ ತಕ್ಷಣ ಮೂರು ಜನ "ಓ, ಅವನಾ? ಒಳ್ಳೇ ಹುಡುಗ" ಅಂದರು. ಅವನು ಉಳಿದುಕೊಂಡ. ಇನ್ನೊಂದು ಹೆಸರು ಬಂದಾಗ ಯಾರೂ ಬಾಯಿ ಬಿಡಲಿಲ್ಲ. ಆ ಹುಡುಗಿ ದೀಪಾವಳಿ ರಾತ್ರಿ ಎರಡು ಗಂಟೆಗೆ, ಬಿದ್ದುಹೋಗಿದ್ದ ಕ್ಲೈಂಟಿನ ಪೇಮೆಂಟ್ ಸರ್ವರನ್ನು ಎಬ್ಬಿಸಿ ನಿಲ್ಲಿಸಿದ್ದಳು. ಈ ಮೀಟಿಂಗ್ ದಿನ ಅವಳ ಮ್ಯಾನೇಜರ್ ರಜೆ. ಒಂದು ನಿಮಿಷವೂ ಹಿಡಿಯಲಿಲ್ಲ, ಹೆಸರು ಒಂದು ಮನೆ ಕೆಳಗಿಳಿಯಿತು. ಅಷ್ಟರಲ್ಲಿ ಕಾಫಿ ಬಂತು.

ಅಂದರೆ ನಿಮ್ಮ ರೇಟಿಂಗ್‌ನಲ್ಲಿ ನಿಮ್ಮ ಕೆಲಸ ಒಂದು ಪಾಲು. ಆ ರೂಮಿನಲ್ಲಿ ನಿಮ್ಮ ಕೆಲಸ ಎಷ್ಟು ಜನಕ್ಕೆ ಗೊತ್ತು ಅನ್ನೋದು ಇನ್ನೊಂದು ಪಾಲು. ಪಕ್ಕದ ಸೀಟಿನವನು ನಿಮ್ಮಿಂದ ಏನನ್ನೂ ಕಿತ್ತುಕೊಂಡಿಲ್ಲ. ಅವನ ಹೆಸರೂ ಅದೇ ಶೀಟಿನಲ್ಲಿ ಮೇಲೆ ಕೆಳಗೆ ಆಗುತ್ತಿತ್ತು.

ಬೆಲ್ ಕರ್ವ್ ತೆಗೆದುಹಾಕಿದ್ದಾರೆ ಅಂತಾರಲ್ಲ?

ಬೆಲ್ ಕರ್ವ್ ಅಂದರೆ ಯಾವ ರೇಟಿಂಗ್ ಎಷ್ಟು ಜನಕ್ಕೆ ಅಂತ ಮೊದಲೇ ಮಿತಿ ಹಾಕಿಡೋದು. ಆ ಹೆಸರನ್ನು ಮಾತ್ರ ತೆಗೆದಿದ್ದಾರೆ. ಈ ಪದ್ಧತಿಯನ್ನು ಲೋಕಕ್ಕೆಲ್ಲ ಹಬ್ಬಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜ್ಯಾಕ್ ವೆಲ್ಚ್. ಅವರು 1981ರಿಂದ 2001ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಮೇಲಿನ 20 ಶೇಕಡಾ ಜನಕ್ಕೆ ಬಹುಮಾನ, ಮಧ್ಯದ 70 ಶೇಕಡಾ ಜನಕ್ಕೆ ತರಬೇತಿ, ಕೆಳಗಿನ 10 ಶೇಕಡಾ ಜನಕ್ಕೆ ಬಾಗಿಲು. ಅಡೋಬಿ 2012ರಲ್ಲಿ ವರ್ಷದ ಅಪ್ರೈಸಲ್ಲನ್ನೇ (ಕೆಲಸದ ಮೌಲ್ಯಮಾಪನ) ನಿಲ್ಲಿಸಿತು. ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಇಂಥ ಶ್ರೇಣಿ ಪದ್ಧತಿಯನ್ನು ಕೈಬಿಟ್ಟಿತು. ಆಮೇಲಿನ ಎರಡು ಮೂರು ವರ್ಷದಲ್ಲಿ ಇನ್ಫೋಸಿಸ್ ಕೂಡ ಬಲವಂತದ ಕರ್ವ್ ಬೇಡ ಅಂದಿತು.

ಆದರೆ ಹೈಕ್‌ಗೆ (ಸಂಬಳ ಏರಿಕೆಗೆ) ಇಟ್ಟ ದುಡ್ಡು ಇಷ್ಟೇ ಅಂತ ಮೇಲಿನಿಂದ ಬಂದಮೇಲೆ, ಅದನ್ನು ಹಂಚುವಾಗ ಯಾರಿಗೋ ಜಾಸ್ತಿ ಕೊಟ್ಟರೆ ಯಾರಿಗೋ ಕಮ್ಮಿ ಆಗಲೇಬೇಕು. ಕರ್ವ್ ಇಲ್ಲದಿದ್ದರೂ ಬಜೆಟ್ ಇರುತ್ತದೆ. ಸಣ್ಣ ಹೋಳಿಗೆ, ಪಂಕ್ತಿ ದೊಡ್ಡದು.

ಪೈಪೋಟಿ ಇದ್ದರೆ ತಾನೇ ಜನ ಚುರುಕಾಗಿ ಕೆಲಸ ಮಾಡೋದು?

ಓಟದ ಸ್ಪರ್ಧೆಯಲ್ಲಿ ಹೌದು. ಅಲ್ಲಿ ಒಬ್ಬರ ಪಟ್ಟೆಗೆ ಇನ್ನೊಬ್ಬರು ಬರಲ್ಲ. ಆಫೀಸಿನಲ್ಲಿ ಎಲ್ಲರೂ ಒಂದೇ ಪಟ್ಟೆಯಲ್ಲಿ ಓಡುತ್ತಾರೆ, ಅದೂ ಕಾಲಿಗೆ ಕಾಲು ಕಟ್ಟಿಕೊಂಡು. ಎಡ್ವರ್ಡ್ ಲೇಜಿಯರ್ ಅನ್ನುವ ಅರ್ಥಶಾಸ್ತ್ರಜ್ಞರು 1989ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಗೆದ್ದವನಿಗೂ ಸೋತವನಿಗೂ ಸಿಗುವ ಸಂಬಳದ ಅಂತರ ಜಾಸ್ತಿ ಆದಷ್ಟೂ ಒಬ್ಬರಿಗೊಬ್ಬರು ನೆರವಾಗೋದು ಕಮ್ಮಿ ಆಗುತ್ತದೆ, ಕಾಲೆಳೆಯೋದು ಜಾಸ್ತಿ ಆಗುತ್ತದೆ.

ನಮ್ಮಲ್ಲಿ ಕಾಲೆಳೆಯೋದು ಅಂದರೆ ಸಿನಿಮಾದ ಹಾಗೆ ಸಂಚು ಮಾಡೋದಲ್ಲ. ತುಂಬ ಸಪ್ಪೆ ಕೆಲಸ ಅದು. ನನ್ನ ಹಳೇ ಟೀಮಿನಲ್ಲಿ ಒಬ್ಬ ಸೀನಿಯರ್ ಇದ್ದರು. ತಿಂಗಳ ಕೊನೆಯ ರಿಪೋರ್ಟ್ ತೆಗೆಯೋ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಅವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು. ಎಲ್ಲರಿಗೂ ಸಿಗೋ ಜಾಗದಲ್ಲಿ ಹಾಕಿ ಸರ್ ಅಂದರೆ "ಹಾಕ್ತೀನಿ, ಸ್ವಲ್ಪ ಕ್ಲೀನ್ ಮಾಡ್ಬೇಕು" ಅಂತಿದ್ದರು. ಮೂರು ವರ್ಷ ಕ್ಲೀನ್ ಮಾಡಿದರು. ಅವರು ಕೆಟ್ಟವರಲ್ಲ, ಮಗಳ ಮದುವೆಗೆ ನಮ್ಮನ್ನೆಲ್ಲ ಕರೆದು ಊಟ ಹಾಕಿಸಿದ ಮನುಷ್ಯ. ಆ ಸ್ಕ್ರಿಪ್ಟ್ ಕೈಬಿಟ್ಟರೆ ತನ್ನ ಬೆಲೆ ಇಳಿಯುತ್ತದೆ ಅಂತ ಆ ಪದ್ಧತಿಯೇ ಅವರಿಗೆ ಕಲಿಸಿತ್ತು.

ನಮ್ಮ ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ ಅಲ್ವಾ?

ಬೇರೆ ಥರ ಇತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ (ಟೆಲಿಫೋನ್ ಕಾರ್ಖಾನೆ), 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. ಬೆಂಗಳೂರಿನ ಒಂದು ತಲೆಮಾರು ಈ ಸರ್ಕಾರಿ ಕಾರ್ಖಾನೆಗಳಲ್ಲೇ ಸೇರಿ ಅಲ್ಲೇ ನಿವೃತ್ತಿ ಆಯಿತು. ನಮ್ಮ ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇತ್ತು. ನಮ್ಮ ಬೀದಿಯಲ್ಲಿ ಅಲ್ಲಿಗೆ ಹೋಗುವವರು ಮೂರು ಮನೆಯಲ್ಲಿದ್ದರು. ಬಡ್ತಿ ಬಹುತೇಕ ಸೀನಿಯಾರಿಟಿ ಮೇಲೆ. ಯಾರು ಯಾವ ವರ್ಷ ಮೇಲೆ ಹೋಗುತ್ತಾರೆ ಅಂತ ಹೆಂಡತಿಯರಿಗೂ ಬಾಯಿಪಾಠ. ಆಗಲೂ ಪೈಪೋಟಿ ಇತ್ತು, ಕ್ವಾರ್ಟರ್ಸ್‌ಗೆ, ಒಳ್ಳೇ ಶಿಫ್ಟ್‌ಗೆ, ಮಗನಿಗೆ ಅಪ್ರೆಂಟಿಸ್ ಸೀಟಿಗೆ. ಆದರೆ ಪ್ರತಿ ಏಪ್ರಿಲ್‌ನಲ್ಲಿ ನೀನು ಎಷ್ಟನೆಯವನು ಅಂತ ಯಾರೂ ಹೇಳುತ್ತಿರಲಿಲ್ಲ.

ಹಾಗಂತ ಅದು ಸ್ವರ್ಗವೂ ಅಲ್ಲ. ಒಳ್ಳೇ ಕೆಲಸಗಾರನೂ ಸೋಮಾರಿಯೂ ಒಟ್ಟಿಗೆ ಮೇಲೆ ಹೋಗುತ್ತಿದ್ದರು. ಮತ್ತೆ, ಆ ಭದ್ರತೆಯೂ ಕೊನೆವರೆಗೆ ಉಳಿಯಲಿಲ್ಲ. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಪ್ಪಂದಿರಿಗೆ ನಮ್ಮ ರೇಟಿಂಗ್ ಅರ್ಥ ಆಗಲ್ಲ, ನಿಜ. ಆದರೆ ಕೆಲಸ ಹೋಗುವ ಭಯ ಅರ್ಥ ಆಗುತ್ತದೆ. ಮನೆಯಲ್ಲಿ ಮುಚ್ಚಿಡಬೇಡಿ.

ನಾನು ಮಾಡಿದ್ದನ್ನು ನಾನೇ ಹೇಳಿಕೊಳ್ಳಬೇಕಾ? ಒಂಥರಾ ನಾಚಿಕೆ ಆಗುತ್ತದೆ.

ಆಗುತ್ತದೆ. ತನ್ನ ಬೆನ್ನು ತಾನೇ ತಟ್ಟಿಕೊಳ್ಳೋದು ನಮ್ಮಲ್ಲಿ ಬೈಗುಳ. ಚಿಕ್ಕಂದಿನಿಂದ "ಜಂಬ ಬೇಡ" ಅಂತಲೇ ಬೆಳೆಸಿದ್ದಾರೆ. ನನ್ನ ಮೊದಲ ಸೆಲ್ಫ್ ಅಪ್ರೈಸಲ್‌ನಲ್ಲಿ ಬರೆದದ್ದು ಒಂದೇ ಸಾಲು: ಕೊಟ್ಟ ಕೆಲಸವನ್ನು ಸಮಯಕ್ಕೆ ಸರಿಯಾಗಿ ಮಾಡಿದ್ದೇನೆ. ನಮ್ಮ ಲೀಡ್ ಅದನ್ನು ಓದಿ ಪುಟ ತಿರುಗಿಸಿದರು, ಹಿಂದೆ ಏನಾದರೂ ಇದೆಯಾ ಅಂತ. ಏನೂ ಇರಲಿಲ್ಲ.

ಆದರೆ ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಲ್ಲ ಅಂತಲೂ ನಮ್ಮವರೇ ಹೇಳಿದ್ದಾರಲ್ಲ. ಹೊಗಳಿಕೊಳ್ಳೋದು ಬೇರೆ, ಲೆಕ್ಕ ಒಪ್ಪಿಸೋದು ಬೇರೆ. ಅಂಗಡಿಯವನು ಸಂಜೆ ಕಲೆಕ್ಷನ್ ಬರೆದಿಟ್ಟರೆ ಯಾರಾದರೂ ಜಂಬ ಅಂತಾರಾ?

"ತಂಡದ ಕಾರ್ಯಕ್ಷಮತೆ ಹೆಚ್ಚಿಸಲು ಶ್ರಮಿಸಿದೆ" ಅಂತ ಬರೆದರೆ ಯಾರಿಗೂ ಏನೂ ತಿಳಿಯಲ್ಲ. "ರಾತ್ರಿ ಓಡುವ ಬ್ಯಾಚ್ ನಾಲ್ಕು ಗಂಟೆ ತಗೊಳ್ಳುತ್ತಿತ್ತು. ಇಂಡೆಕ್ಸ್ ಸರಿ ಮಾಡಿದೆ. ಈಗ ಐವತ್ತು ನಿಮಿಷ. ಆಗಸ್ಟ್‌ನಿಂದ ಬೆಳಗಿನ ದೂರು (ಎಸ್ಕಲೇಷನ್) ಬಂದಿಲ್ಲ" ಅಂತ ಬರೆದರೆ ನಿಮ್ಮ ಮ್ಯಾನೇಜರ್ ಅದನ್ನೇ ಆ ರೂಮಿನಲ್ಲಿ ಓದಿ ಹೇಳಬಹುದು. ಒಂದೂ ಹೊಗಳಿಕೆಯ ಮಾತಿಲ್ಲ, ನೋಡಿ.

ಇದನ್ನು ಮಾರ್ಚ್‌ನಲ್ಲಿ ಕೂತು ನೆನಪಿಸಿಕೊಂಡು ಬರೆಯೋದಕ್ಕೆ ಆಗಲ್ಲ. ಶುಕ್ರವಾರ ಸಂಜೆ ಕ್ಯಾಬ್ ಬರೋ ಮುಂಚೆ ಮೂರು ಸಾಲು ಬರೆದಿಡಿ. ನಾನು ಇನ್ನೂ ಹಾಳೆ ನೋಟ್‌ಬುಕ್‌ನಲ್ಲೇ ಬರೆಯುತ್ತೇನೆ. ಇನ್ನೊಬ್ಬರು ಸಹಾಯ ಮಾಡಿದ್ದರೆ ಅವರ ಹೆಸರನ್ನೂ ಬರೆಯಿರಿ. ಅದರಿಂದ ನಿಮ್ಮ ಅಂಕ ಕಮ್ಮಿ ಆಗಲ್ಲ. ಅವರ ಮ್ಯಾನೇಜರ್ ಆ ರೂಮಿನಲ್ಲಿ ನಿಮ್ಮ ಹೆಸರು ಕೇಳಿದಾಗ ಸುಮ್ನೆ ಕೂರಲ್ಲ.

ನಾನು ಕನ್ನಡ ಮೀಡಿಯಂ. ಮೀಟಿಂಗ್‌ನಲ್ಲಿ ಇಂಗ್ಲಿಷಿನಲ್ಲಿ ಪಟಪಟ ಮಾತಾಡೋರೇ ಮುಂದೆ ಹೋಗುತ್ತಾರೆ. ಏನು ಮಾಡಲಿ?

ಹೋಗುತ್ತಾರೆ, ಸುಳ್ಳು ಹೇಳಲ್ಲ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೊದಲ ವರ್ಷ ಸ್ಟ್ಯಾಂಡಪ್‌ನಲ್ಲಿ (ಟೀಮಿನ ದಿನದ ಸಣ್ಣ ಮೀಟಿಂಗ್) ನನ್ನ ಸರದಿ ಬರೋ ಮುಂಚೆ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ, ಹಾಗಾಗಿ ನನಗಿಂತ ಮುಂಚಿನ ಇಬ್ಬರು ಏನು ಹೇಳಿದರು ಅಂತ ಗೊತ್ತೇ ಆಗುತ್ತಿರಲಿಲ್ಲ.

ನನಗೆ ದಾರಿ ಮಾಡಿಕೊಟ್ಟಿದ್ದು ಬರವಣಿಗೆ. ಮಾತಿನಲ್ಲಿ ತಡವರಿಸಿದರೂ ಮೇಲ್ ಬರೆಯುವಾಗ ಸಮಯ ಇರುತ್ತದೆ. ಮೀಟಿಂಗ್ ಮುಗಿದ ಹತ್ತು ನಿಮಿಷದಲ್ಲಿ "ಇವತ್ತು ತೀರ್ಮಾನ ಆದದ್ದು ಇಷ್ಟು" ಅಂತ ಐದು ಸಾಲು ಕಳಿಸೋಕೆ ಶುರು ಮಾಡಿದೆ. ಒಂದು ವರ್ಷದಲ್ಲಿ ಕ್ಲೈಂಟಿಗೆ ನನ್ನ ಹೆಸರು ಗೊತ್ತಾಯಿತು, ದನಿ ಗೊತ್ತಿರಲಿಲ್ಲ. ಮನೆಯಿಂದ ಕೆಲಸ ಮಾಡೋದು ಬಂದಮೇಲೆ ಬರೆದು ಹೇಳುವವರ ಬೆಲೆ ಇನ್ನೂ ಜಾಸ್ತಿ ಆಗಿದೆ. ಇಂಗ್ಲಿಷ್ ಮಾತೂ ಬರುತ್ತದೆ, ಅದರ ಪಾಡಿಗೆ ಅದು ನಿಧಾನವಾಗಿ.

ಹೊಸದಾಗಿ ಬಂದವನ ಸಂಬಳ ನನಗಿಂತ ಜಾಸ್ತಿ ಅಂತ ಗೊತ್ತಾಯಿತು. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ.

1998ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನ ಇದೆ. ಜನರ ಮುಂದೆ ಎರಡು ಆಯ್ಕೆ ಇಟ್ಟರು. ನಿಮಗೆ ವರ್ಷಕ್ಕೆ 50,000 ಡಾಲರ್, ಉಳಿದವರಿಗೆಲ್ಲ 25,000. ಇಲ್ಲವೇ ನಿಮಗೆ ಒಂದು ಲಕ್ಷ, ಉಳಿದವರಿಗೆ ಎರಡು ಲಕ್ಷ. ಸಾಮಾನಿನ ಬೆಲೆ ಎರಡು ಕಡೆಯೂ ಒಂದೇ. ಹೆಚ್ಚುಕಮ್ಮಿ ಅರ್ಧ ಜನ ಮೊದಲನೆಯದನ್ನೇ ಆರಿಸಿಕೊಂಡರು. ಕಮ್ಮಿ ದುಡ್ಡು ಬಂದರೂ ಪರವಾಗಿಲ್ಲ, ಪಕ್ಕದವರಿಗಿಂತ ಜಾಸ್ತಿ ಇರಬೇಕು. ಹಾಗಾಗಿ ಈ ಹೊಟ್ಟೆಯುರಿ ನಿಮಗೊಬ್ಬರಿಗೇ ಬಂದಿದ್ದಲ್ಲ.

ಆದರೆ ನಿಮ್ಮ ದೂರಿನಲ್ಲಿ ಹೊಟ್ಟೆಯುರಿಯಷ್ಟೇ ಇಲ್ಲ, ನ್ಯಾಯವೂ ಇದೆ. ಒಳಗಿರುವವರಿಗೆ ಹೈಕ್ ಬಜೆಟ್ ಒಂದು, ಹೊರಗಿಂದ ಬರುವವರಿಗೆ ಮಾರುಕಟ್ಟೆ ಬೆಲೆ ಇನ್ನೊಂದು. ಎರಡಕ್ಕೂ ಸಂಬಂಧವೇ ಇರಲ್ಲ. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಹತ್ತು ಹನ್ನೆರಡು ವರ್ಷದಿಂದ ಮೂರು ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಈ ಹೊತ್ತಿನಲ್ಲಿ ಬಾಡಿಗೆ ಎಲ್ಲಿಗೆ ಹೋಯಿತು ಅಂತ ಮಾರತ್ತಹಳ್ಳಿಯಲ್ಲಿ ಮನೆ ಹುಡುಕಿದವರನ್ನು ಕೇಳಿ. ಮ್ಯಾನೇಜರ್ ಹತ್ತಿರ ಹೋಗುವಾಗ ಅವನ ಹೆಸರು ಎತ್ತಬೇಡಿ. "ಈ ಅನುಭವಕ್ಕೆ ಹೊರಗೆ ಇಷ್ಟು ಸಿಗುತ್ತಿದೆ, ನನಗೆ ಇಷ್ಟಿದೆ, ಇದನ್ನು ಸರಿ ಮಾಡೋಕೆ ದಾರಿ ಏನು" ಅಂತ ಕೇಳಿ. ಜಗಳ ಅವನ ಜೊತೆ ಅಲ್ಲ.

ಹಾಗಾದರೆ ಕಂಪನಿ ಬದಲಾಯಿಸೋದೇ ಒಳ್ಳೆಯದಾ?

ಸಂಬಳದ ಮಟ್ಟಿಗೆ ಬಹಳ ಸಲ ಹೌದು. ಆದರೆ ಎಲ್ಲರ ಮನೆ ದೋಸೆಯೂ ತೂತೇ. ಅಲ್ಲೂ ಒಂದು ರೂಮು, ಒಂದು ಎಕ್ಸೆಲ್ ಶೀಟು ಇರುತ್ತದೆ, ಮೊದಲ ವರ್ಷ ಅಲ್ಲಿ ನಿಮ್ಮನ್ನು ಬಲ್ಲವರು ಯಾರೂ ಇರಲ್ಲ. ತೊಂಬತ್ತು ದಿನದ ನೋಟಿಸ್ ಪೀರಿಯಡ್ ನೋಡಿಕೊಂಡು ಹೊಸ ಕಡೆ ತಾರೀಖು ಕೊಡಿ.

"ಎದುರಾಳಿ ಕಂಪನಿಗೆ ಸೇರಬಾರದು" ಅಂತ ಸಹಿ ಹಾಕಿಸಿಕೊಂಡಿದ್ದಾರೆ ಅಂತ ತುಂಬ ಜನ ಹೆದರುತ್ತಾರೆ. 1872ರ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೂ ಹೊಟ್ಟೆಪಾಡಿಗೆ ಅಡ್ಡ ಬರುವ ಇಂಥ ಷರತ್ತು ಸಾಮಾನ್ಯವಾಗಿ ನಿಲ್ಲಲ್ಲ. ಕಂಪನಿಯ ಕೋಡು, ಕ್ಲೈಂಟಿನ ಗುಟ್ಟು ಹೊತ್ತುಕೊಂಡು ಹೋಗಬಾರದು ಅನ್ನೋ ಷರತ್ತು ಮಾತ್ರ ಬೇರೆ. ಅದು ನಿಲ್ಲುತ್ತದೆ.

ವಾರಕ್ಕೆ 70 ಗಂಟೆ ದುಡಿದರೆ ಮೇಲೆ ಬರಬಹುದಾ?

2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ 90 ಗಂಟೆಯ ಮಾತು ಸುದ್ದಿ ಆಯಿತು. ಸುಮ್ನೆ ಲೆಕ್ಕ ಹಾಕೋಣ. ಐದು ದಿನದ ವಾರಕ್ಕೆ 70 ಗಂಟೆ ಅಂದರೆ ದಿನಕ್ಕೆ 14. ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರೋಕೆ ಎರಡು ಗಂಟೆ ಸೇರಿಸಿ. ಉಳಿದ ಎಂಟು ಗಂಟೆಯಲ್ಲಿ ಸ್ನಾನ, ಊಟ, ಮಗುವಿನ ಹೋಂವರ್ಕ್, ನಿದ್ದೆ ಎಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9, ವಾರಕ್ಕೆ 48. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆವರೆಗೆ ಬಿಡುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಕೊಟ್ಟ ಲೆಕ್ಕ ಇದು: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದರೆ, 35–40 ಗಂಟೆ ದುಡಿಯುವವರಿಗೆ ಹೋಲಿಸಿದಾಗ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಹೆಚ್ಚು.

ಮೂರ್ತಿಯವರು ತಾವು ಹಾಗೆ ದುಡಿದಿದ್ದು ನಿಜವೇ. ಆದರೆ ಸ್ವಂತ ಗದ್ದೆ ಉಳೋದಕ್ಕೂ ಕೂಲಿಗೆ ಹೋಗೋದಕ್ಕೂ ವ್ಯತ್ಯಾಸ ಇಲ್ವಾ? ಬೆಳೆ ಬಂದರೆ ಯಾರ ಕಣಜಕ್ಕೆ ಹೋಗುತ್ತದೆ ಅಂತ ನೋಡಿಕೊಂಡು ಬೆವರು ಸುರಿಸಿ. ಸಾಫ್ಟ್‌ವೇರ್ ಬಿಡುಗಡೆಯ ವಾರದಲ್ಲಿ ರಾತ್ರಿ ಕೂರೋದು ಬೇರೆ, ವರ್ಷವಿಡೀ ಕೂರೋದು ಬೇರೆ. ವರ್ಷವಿಡೀ ಕೂರುವವರ ಹೆಸರು ಆ ರೂಮಿನಲ್ಲಿ ಬಂದಾಗ "ಪಾಪ" ಅನ್ನೋ ಮಾತು ಕೇಳಿದ್ದೇನೆ, ಬಡ್ತಿಯ ಮಾತು ಕಮ್ಮಿ.

ಸಂಜೆ ಹೊತ್ತು ಇನ್ನೊಂದು ಕೆಲಸ ಮಾಡಬಹುದಾ?

ಆಫರ್ ಲೆಟರ್ ಓದಿ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ ಇದೇ ಕಾರಣಕ್ಕೆ 300 ಜನರನ್ನು ತೆಗೆಯಿತು. ಕೇಳಿ, ಬರಹದಲ್ಲಿ ಅನುಮತಿ ತಗೊಂಡು ಮಾಡಿ. ಇಲ್ಲದಿದ್ದರೆ ಬೇಡ.

ಹೆರಿಗೆ ರಜೆ ಮುಗಿಸಿ ಬಂದೆ. ನನ್ನ ಜೊತೆಯವರೆಲ್ಲ ಮುಂದೆ ಹೋಗಿದ್ದಾರೆ. ನನಗೆ ಆಸೆ ಕಮ್ಮಿ ಅಂದುಕೊಂಡಿದ್ದಾರೆ.

ಆ ರೂಮಿನಲ್ಲಿ "ಅವರಿಗೆ ಈಗ ಮಗು ಇದೆಯಲ್ಲ" ಅನ್ನೋ ಮಾತು ನಾನು ಕೇಳಿದ್ದೇನೆ. ಕಾಳಜಿಯ ದನಿಯಲ್ಲೇ ಹೇಳುತ್ತಾರೆ, ಅದೇ ತೊಂದರೆ. ಅಪ್ಪ ಆದವನ ಬಗ್ಗೆ ಯಾರೂ ಹಾಗೆ ಹೇಳಿದ್ದು ಕೇಳಿಲ್ಲ.

2007ರಲ್ಲಿ ಇಬ್ಬರು ಮಹಿಳಾ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಗಂಡಸರು ಹೆಂಗಸರು ಕೂಡುವ ಲೆಕ್ಕ ಮಾಡಿದರು, ಇಬ್ಬರೂ ಸಮ. ಆಮೇಲೆ ಮಾಡಿದಷ್ಟಕ್ಕೆ ದುಡ್ಡು ಬೇಕಾ, ಗೆದ್ದವರಿಗೆ ಮಾತ್ರ ಸಿಗುವ ಸ್ಪರ್ಧೆ ಬೇಕಾ ಅಂತ ಕೇಳಿದರು. ಸ್ಪರ್ಧೆ ಆರಿಸಿಕೊಂಡ ಗಂಡಸರು 73 ಶೇಕಡಾ, ಹೆಂಗಸರು 35 ಶೇಕಡಾ. ಲೆಕ್ಕ ಮಾಡೋದರಲ್ಲಿ ಹಿಂದಿಲ್ಲ, ಸ್ಪರ್ಧೆಗೆ ಇಳಿಯೋದರಲ್ಲಿ ಹಿಂದೇಟು. ಸ್ಪರ್ಧೆಗೆ ಕೈ ಎತ್ತಿದವರನ್ನೇ ನಾವು ಆಸೆ ಇರುವವರು ಅಂತ ಗುರುತಿಸಿದರೆ ಅದು ನಮ್ಮ ಕಣ್ಣಿನ ದೋಷ.

2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕಾನೂನಿನ ಹಕ್ಕು. ರಜೆಗೆ ಹೋಗುವ ಮುಂಚೆ, ಅಲ್ಲಿಯವರೆಗಿನ ಕೆಲಸದ ಬಗ್ಗೆ ಮ್ಯಾನೇಜರ್ ಅಭಿಪ್ರಾಯವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಬಂದ ಮೊದಲ ವಾರದಲ್ಲೇ "ಮುಂದಿನ ಲೆವೆಲ್‌ಗೆ ನಾನು ಹೋಗಬೇಕು" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರೇ ಊಹಿಸಿಕೊಳ್ಳುತ್ತಾರೆ, ತಪ್ಪಾಗಿ.

ಎಐ ಬಂದಿದೆ. ಇನ್ನು ಪೈಪೋಟಿ ಯಾರ ಜೊತೆ?

ನಮ್ಮ ಐಟಿ ಸೇವೆಗಳ ವ್ಯಾಪಾರ ನಿಂತಿದ್ದು ತಲೆ ಎಣಿಕೆ ಮೇಲೆ. ಕ್ಲೈಂಟಿಗೆ ಇಷ್ಟು ಜನ, ಇಷ್ಟು ಗಂಟೆ ಅಂತ ಬಿಲ್ಲು. ಕೆಳಗೆ ಸಾವಿರಾರು ಫ್ರೆಶರ್‌ಗಳು, ಮೇಲೆ ಕೆಲವರು. ಮೂರು ಜನದ ಕೆಲಸ ಒಬ್ಬರು ಮಾಡುವ ಹಾಗಾದರೆ ಆ ಲೆಕ್ಕವೇ ಅಲುಗಾಡುತ್ತದೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಮ್ಮಿ ಮಾಡುವುದಾಗಿ ಹೇಳಿತು, ಹೆಚ್ಚಾಗಿ ಮಧ್ಯದ ಮತ್ತು ಮೇಲಿನ ಹಂತದವರು. ಕಾರಣ ಎಐ ಅಲ್ಲ, ಕೌಶಲ ಹೊಂದುತ್ತಿಲ್ಲ ಅನ್ನೋದು ಕಂಪನಿಯ ಮಾತು. ಏನೇ ಇರಲಿ, ಹದಿನೈದು ವರ್ಷ ಹತ್ತಿದ ಏಣಿಯ ಮೇಲಿನ ಮೆಟ್ಟಿಲೇ ಅಲುಗಾಡಿದ್ದನ್ನು ನನ್ನ ವಯಸ್ಸಿನವರೆಲ್ಲ ನೋಡಿದೆವು.

ನನ್ನ ಟೀಮಿನಲ್ಲಿ ಈಗ ಬೆಲೆ ಬಂದಿರುವುದು ಬೇಗ ಕೋಡು ಬರೆಯುವವನಿಗಲ್ಲ. ಮೆಷಿನ್ ಬರೆದ ಕೋಡು ನೋಡಿ "ಇದು ಚೆನ್ನಾಗಿ ಕಾಣುತ್ತಿದೆ, ಆದರೆ ತಿಂಗಳ ಕೊನೆಯಲ್ಲಿ ಒಡೆಯುತ್ತದೆ" ಅನ್ನೋಳಿಗೆ. ಅವಳಿಗೆ ಅದು ಹೇಗೆ ಗೊತ್ತು? ಮೂರು ವರ್ಷ ತಿಂಗಳ ಕೊನೆಯ ಒಡೆದ ರಿಪೋರ್ಟ್‌ಗಳನ್ನು ಅವಳೇ ರಿಪೇರಿ ಮಾಡಿದ್ದಳು. ಯಾರಿಗೂ ಬೇಡವಾದ ಕೆಲಸ ಅದು.

ಆಸೆ ಇದೆ ಅಂದರೆ ಮ್ಯಾನೇಜರ್ ಆಗಲೇಬೇಕಾ?

ಬೇಡ. ಈಗ ಬಹಳ ಕಂಪನಿಗಳಲ್ಲಿ, ಅದರಲ್ಲೂ ಜಿಸಿಸಿಗಳಲ್ಲಿ (ವಿದೇಶಿ ಕಂಪನಿಗಳು ಇಲ್ಲಿ ತೆರೆದ ಸ್ವಂತ ಕೇಂದ್ರಗಳು), ಟೆಕ್ನಿಕಲ್ ದಾರಿಯಲ್ಲೇ ಮೇಲಿನವರೆಗೆ ಹೋಗಬಹುದು. ಕೋಡು ಬಿಟ್ಟು ಮ್ಯಾನೇಜರ್ ಆಗಿ ಎರಡೇ ವರ್ಷಕ್ಕೆ ಬೇಜಾರಾಗಿ ವಾಪಸ್ ಬಂದವರನ್ನು ಬಲ್ಲೆ. ಮದುವೆ ಮಾತುಕತೆಯಲ್ಲಿ "ಹುಡುಗ ಮ್ಯಾನೇಜರಾ?" ಅಂತ ಕೇಳುತ್ತಾರೆ, ಅದೊಂದೇ ಕಷ್ಟ.

ನೀವೂ ಈಗ ಆ ರೂಮಿನಲ್ಲಿ ಕೂರುತ್ತೀರಲ್ಲ. ನೀವು ಯಾರನ್ನೂ ಇಳಿಸಿಲ್ಲವಾ?

ಇಳಿಸಿದ್ದೇನೆ. ಈ ಪ್ರಶ್ನೆಯನ್ನು ಕೇಳಿದ್ದು ಒಬ್ಬಳೇ, ಅದೂ ಒಂದೇ ಸಲ. ಆದರೂ ಇಲ್ಲಿ ಹಾಕಿದ್ದೇನೆ.

ಮೇಲೆ ಹೇಳಿದ ದೀಪಾವಳಿ ರಾತ್ರಿಯ ಹುಡುಗಿ. ಅವಳ ಮ್ಯಾನೇಜರ್ ರಜೆ ಅಂದೆ. ಆದರೆ ಆ ರಾತ್ರಿಯ ಕಾಲ್‌ನಲ್ಲಿ ನಾನೂ ಇದ್ದೆ. ಅವಳು ಏನು ಮಾಡಿದಳು ಅಂತ ಆ ರೂಮಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ನನ್ನ ಟೀಮಿನ ಒಬ್ಬನ ಹೆಸರು ಅದೇ ಗೆರೆಯ ಮೇಲಿತ್ತು. ಅವಳು ಉಳಿದರೆ ಅವನು ಇಳಿಯುತ್ತಿದ್ದ. ಸುಮ್ಮನಿದ್ದೆ.

ಜೂನ್‌ನಲ್ಲಿ ಅವಳು ಕೆಲಸ ಬಿಟ್ಟಳು. ಫೇರ್‌ವೆಲ್ ಕೇಕ್ ಕಟ್ ಮಾಡಿ, ಒಂದು ತುಂಡನ್ನು ನನ್ನ ಸೀಟಿನವರೆಗೆ ತಂದುಕೊಟ್ಟಳು. "ಅವತ್ತು ರಾತ್ರಿ ನೀವು ಕಾಲ್‌ನಲ್ಲಿ ಇದ್ದಿದ್ದಕ್ಕೆ ಧೈರ್ಯ ಆಯ್ತು ಸರ್" ಅಂದಳು.

ಈಗ ಆ ರೂಮಿಗೆ ಹೋಗುವಾಗ ಬೇರೆ ಟೀಮಿನವರ ಬಗ್ಗೆಯೂ ಎರಡು ಸಾಲು ಬರೆದುಕೊಂಡು ಹೋಗುತ್ತೇನೆ. ಎಲ್ಲ ಸಲ ಉಪಯೋಗಕ್ಕೆ ಬರಲ್ಲ. ಹೋದ ವರ್ಷ ಹಾಗೆ ಒಬ್ಬಳ ಹೆಸರು ಉಳಿಯಿತು, ಅದರ ಬದಲು ನನ್ನದೇ ಟೀಮಿನ ಹುಡುಗನದು ಇಳಿಯಿತು. ಅವನಿಗೆ ಏನು ಹೇಳೋದು ಅಂತ ಎರಡು ದಿನ ಯೋಚಿಸಿ, ಕೊನೆಗೆ ನಡೆದದ್ದನ್ನೇ ಹೇಳಿದೆ. ಮೂರು ವಾರ ಅವನು ನನ್ನ ಜೊತೆ ಕಾಫಿಗೆ ಬರಲಿಲ್ಲ.